ಕಂಡಕ್ಟರ ಸೀಟಿ

ಜೀವಮಾನವೆಲ್ಲ ಬಸ್ಸಿನಲ್ಲಿ ಗಂಟಲು ಹರಿದುಕೊಂಡ ಕಂಡಕ್ಟರಿಗೆ ನಿವೃತ್ತಿಯಾದ ಮೇಲೆ ಮಾತು ನಿಂತುಹೋಯಿತು. ಮೆದುಳಿಗೆ ಪೆಟ್ಟಾಗಿದೆ, ಕೇಳಿದ್ದೆಲ್ಲ ತಿಳಿಯುತ್ತದೆ, ಹೇಳಲು ಪದ ಸಿಗುವುದಿಲ್ಲ ಎಂದರು ಡಾಕ್ಟರು.

ಹೆಂಡತಿ ಕೈಕಟ್ಟಿ ಕೂರುವ ಪೈಕಿಯಲ್ಲ. ಬೀರುವಿನಿಂದ ಹಳೆಯ ಸೀಟಿ ಹುಡುಕಿ ಗಂಡನ ಕೊರಳಿಗೆ ಹಾಕಿದಳು.

"ಬಸ್ಸಲ್ಲಿ ಊದ್ತಿದ್ದ ಹಾಗೇ ಊದಿ. ಒಂದು ಊದಿದ್ರೆ ನಿಲ್ಲಿಸ್ತೀನಿ, ಎರಡು ಊದಿದ್ರೆ ಮುಂದೆ ಹೋಗ್ತೀನಿ."

ಲೋಟಕ್ಕೆ ಚಹಾ ಸುರಿಯುವುದರಿಂದ ಹಿಡಿದು ಬೆನ್ನು ತುರಿಸುವವರೆಗೆ ಸಂಸಾರ ಸೀಟಿಯ ಮೇಲೆ ಸಲೀಸಾಗಿ ಓಡಿತು.

ಒಂದು ಸಂಜೆ ನಾದಿನಿ ಬಂದು ಹೋದಳು. ಬಾಗಿಲು ಹಾಕಿದ್ದೇ ತಡ, ಹೆಂಡತಿ ಶುರುಮಾಡಿದಳು.

"ನಿಮ್ಮ ತಂಗಿ ನಿಮ್ಮನ್ನ ನೋಡೋಕೆ ಬಂದಿದ್ಲೋ, ನನ್ನ ಹೊಸ ಪರದೆಗೆ ಹೆಸರಿಡೋಕೆ ಬಂದಿದ್ಲೋ?"

ಪರದೆ ಮುಗಿದು ನಾದಿನಿಯ ಮದುವೆಯ ಕಾಲದ ಸಂಗತಿಗೆ ಬರುವಷ್ಟರಲ್ಲಿ ಕಂಡಕ್ಟರು ಉದ್ದಕ್ಕೆ ಒಂದು ಸೀಟಿ ಊದಿದರು.

ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ಆಕೆ ಬಾಯಿಗೆ ಬೀಗ ಹಾಕಿ, ಮುಖ ಊದಿಸಿಕೊಂಡು ಬಟ್ಟೆ ಮಡಿಸತೊಡಗಿದಳು. ಫ್ಯಾನು ಕಿರುಗುಟ್ಟುವುದು ಅಂದೇ ಮೊದಲ ಸಲ ಕೇಳಿಸಿತು. ಕಂಡಕ್ಟರು ಗೋಡೆ ನೋಡಿದರು, ಕಿಟಕಿ ನೋಡಿದರು, ಹೆಂಡತಿಯ ಬೆನ್ನು ನೋಡಿದರು. ಆಮೇಲೆ ಮೆಲ್ಲಗೆ ಎರಡು ಸೀಟಿ ಊದಿದರು.

ಅವಳು ಬಟ್ಟೆ ಬಿಟ್ಟು ಪಕ್ಕಕ್ಕೆ ಬಂದು ಕೂತಳು.

"ತನ್ನ ಮದುವೇಲಿ ಏನ್ಮಾಡಿದ್ಲು ಗೊತ್ತಾ ನಿಮ್ಮ ತಂಗಿ?"