ಭರಮು ಕಾಕಾನ ಒಂದು ಬಕೆಟ್ ನೀರು

ಹೊಚ್ಚ ಹೊಸ ಮಷಿನ್ನಿನ ಮೇಲೆ, ಬಣ್ಣದ ವಾಸನೆ ಹೋಗುವ ಮೊದಲೇ, ಒಂದು ಬಕೆಟ್ ನೀರು ಸುರಿಯುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಮ್ಮ ಭರಮು ಕಾಕಾ ಸುರಿಯುತ್ತಿದ್ದರು. ಮೊದಲ ಸಲ ನಾನು ಹೌಹಾರಿ ಅವರ ಕೈ ಹಿಡಿದಿದ್ದೆ. "ಬಿಡಲೇ ತಮ್ಮಾ," ಅಂದರು, "ಒಣಾ ಮಷಿನ್ ಯಾರ ಮುಂದಾದ್ರೂ ಪಾಸ್ ಆಗತೈತಿ."

ಕಾಗವಾಡದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪು. ಒಣದ್ರಾಕ್ಷಿಯನ್ನು ಗಾತ್ರ ನೋಡಿ ಬೇರೆ ಮಾಡುವ ಮಷಿನ್ ತಯಾರಿಸುತ್ತೇನೆ. ಕಾಕಾ ಸಕ್ಕರೆ ಕಾರ್ಖಾನೆಯ ಎಲೆಕ್ಟ್ರಿಕ್ ಕೆಲಸದಿಂದ ನಿವೃತ್ತರಾಗಿ ಹಾರೂಗೇರಿಯಲ್ಲಿದ್ದರು. ಮಷಿನ್ ಸಿದ್ಧವಾದಾಗ ಅದನ್ನು ಪರೀಕ್ಷಿಸಿ ಫಾರ್ಮಿಗೆ ಸಹಿ ಹಾಕಲು ಬಸ್ಸಿಗೆ ಬರುತ್ತಿದ್ದರು. ಕೈಚೀಲದಲ್ಲಿ ಮೆಗ್ಗರ್ ಇರುತ್ತಿತ್ತು. ಕರೆಂಟು ಮಷಿನ್ನಿನ ಮೈಗೆ ಸೋರುತ್ತದೆಯೇ ಎಂದು ಮುಳ್ಳು ತೋರಿಸಿ ಹೇಳುವ ಡಬ್ಬಿ. ಕೆಲಸ ಮುಗಿಯುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. ಆಮೇಲೆ ಆರಿತೆಂದು ಗೊಣಗುತ್ತ ಕುಡಿಯುತ್ತಿದ್ದರು.

ಯಾವ ಮಟ್ಟದ ಪರೀಕ್ಷೆ ಎಂದು ಆರಿಸುವಾಗ ಮೋಟಾರಿನ ಪವರ್ ಅವರು ಕೇಳುತ್ತಿದ್ದುದು ಕೊನೆಗೆ. ಮೊದಲ ಪ್ರಶ್ನೆ ಬೇರೆಯೇ: "ಇದರ ಮುಂದ ನಿಲ್ಲಾವರು ಯಾರು? ಕಾಲಾಗ ಚಪ್ಪಲಿ ಇರ್ತಾವೇನು?" ನಮ್ಮ ಕಡೆ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟೇ ದ್ರಾಕ್ಷಿ ಶೆಡ್ಡಿಗೆ ಬರುತ್ತಾರೆ, ಒಳಗಿರುವುದು ತಿನ್ನುವ ಪದಾರ್ಥ, ಲಕ್ಷ್ಮಿ. ಸಂಜೆ ಮಷಿನ್ನಿಗೆ ಹತ್ತಿದ ದ್ರಾಕ್ಷಿಯ ಅಂಟನ್ನು ಪೈಪು ಹಿಡಿದು ತೊಳೆಯುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ನನ್ನ ಅವ್ವನೂ ಹಾಗೇ ತೊಳೆದವಳು.

ಒಂದು ಸುಗ್ಗಿಯಲ್ಲಿ ಎರಡು ಮಷಿನ್ ಕೊಡಬೇಕಿತ್ತು. ನೀರು ಹೋಗದಂಥ ಸ್ವಿಚ್ಚು, ಪೆಟ್ಟಿಗೆ ಬರುವುದು ಎಂಟು ದಿನ ತಡ ಎಂದು ಅಂಗಡಿಯವರು ಹೇಳಿದರು. ಗಿರಾಕಿಗಳು ಫೋನಿನಲ್ಲಿ ಜೀವ ತಿನ್ನುತ್ತಿದ್ದರು. ನಾನು ಸಾದಾ ಸ್ವಿಚ್ಚು ಹಾಕಿ, ಫಾರ್ಮಿನಲ್ಲಿ 'ಒಣ ಜಾಗದ ಬಳಕೆ' ಎಂದು ಬರೆದು ಕಾಕಾನ ಮುಂದಿಟ್ಟೆ. ಒಣಗಿದ ಹಣ್ಣು, ಒಣ ಶೆಡ್ಡು, ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಕಾಕಾ ಕನ್ನಡಕ ತೆಗೆದರು. "ತೊಳೆಯೂದಿಲ್ಲೇನು ಇದನ್ನ?"

"ತೊಳೀತಾರ್ರಿ. ಆದ್ರ ಫಾರ್ಮಿನ ಪ್ರಕಾರ..."

"ಮಷಿನ್ ಪಾಸ್ ಆಗತೈತಿ ತಮ್ಮಾ. ನೀ ಪರೀಕ್ಷಾನ ತಪ್ಪ ಆರಿಸಿದಿ."

ಮೆಗ್ಗರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ನಾನು ಬೇರೊಬ್ಬನಿಂದ ಸಹಿ ಮಾಡಿಸಿದೆ.

ಇಪ್ಪತ್ತು ದಿನಕ್ಕೆ ಸುದ್ದಿ ಬಂತು. ಶೇವಂತಾ ಎಂಬ ಹೆಣ್ಣುಮಗಳು ಆ ಎರಡರಲ್ಲಿ ಒಂದು ಮಷಿನ್ ತೊಳೆಯುತ್ತಿದ್ದಾಗ ಕರೆಂಟು ಹೊಡೆದು ಸತ್ತಿದ್ದಳು. ವಿಚಾರಣೆಗೆ ಬಂದ ಅಧಿಕಾರಿ ನನ್ನ ಕಾಗದ ನೋಡಿ, ಎಲ್ಲ ಸರಿಯಿದೆ, ಒಣ ಮಷಿನ್ನಿಗೆ ನೀರು ಹಾಕಿದ್ದು ಅವಳದೇ ತಪ್ಪು ಎಂದರು. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಹೇಸಿಗೆಯಾಗುತ್ತದೆ.

ತಿಂಗಳಾದ ಮೇಲೆ ಹಾರೂಗೇರಿಗೆ ಹೋದೆ. ಕಾಕಾ ಹಾಸಿಗೆ ಹಿಡಿದಿದ್ದರು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಬೈಯಲಿ ಎಂದೇ ಹೋಗಿದ್ದೆ. "ನನ್ನಿಂದ ಒಂದ ಜೀವ ಹೋತ್ರಿ ಕಾಕಾ" ಎಂದು ಅತ್ತೆ. ಅಳು ಮುಗಿದ ಮೇಲೆ ಅವರು ಕೇಳಿದರು:

"ಎರಡ ಮಷಿನ್ ಇದ್ದುವಲ್ಲ. ಇನ್ನೊಂದ ಎಲ್ಲೈತಿ?"

"ಅಥಣಿ ಕಡೆ ಒಂದ ಶೆಡ್ಡಿನ್ಯಾಗ ಐತ್ರಿ."

"ನಡ್ಯಾಕತ್ತೈತಿ?"

"ಹೌದ್ರಿ." ವಾಪಸ್ ತರಿಸಿದರೆ ತಪ್ಪು ಒಪ್ಪಿಕೊಂಡಂತೆ ಎಂದು ಅಂಜಿ ಕೂತಿದ್ದೆ.

ಗೂಟಕ್ಕೆ ನೇತುಹಾಕಿದ್ದ ಮೆಗ್ಗರಿನ ಚೀಲದ ಕಡೆ ಕೈ ತೋರಿಸಿದರು. "ಮತ್ತ ಇಲ್ಲಿ ಯಾಕ ಕುಂತಿ?"

ಕಾಕಾನ ಹೆಂಡತಿ ಕಾಕು ತಂದ ಚಹಾ ಬಿಟ್ಟು, ಆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಅಂದೇ ಅಥಣಿಗೆ ಹೋಗಿ ಮಷಿನ್ ಬಂದ್ ಮಾಡಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದೆ. ಮರುದಿನ ಬೆಳಿಗ್ಗೆ ಅದರ ಮೇಲೆ ಒಂದು ಬಕೆಟ್ ನೀರು ಸುರಿದು ಮೆಗ್ಗರ್ ಹಚ್ಚಿದೆ. ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ, ಅಂದರೆ ಕರೆಂಟು ನೇರ ಮೈಗೆ ಸೋರುತ್ತಿತ್ತು. ಹೇಳೋಣವೆಂದು ಫೋನು ಮಾಡಿದರೆ ಕಾಕು ಎತ್ತಿದರು. ಕಾಕಾ ಬೆಳಗಿನ ಜಾವ ತೀರಿಕೊಂಡಿದ್ದರು.

ಪರೀಕ್ಷೆಯ ಹೊಸ ಹಾಳೆಯಲ್ಲಿ 'ನೀರು ಬೀಳುವ ಜಾಗ' ಎಂದು ಬರೆದೆ. ಕೆಳಗೆ 'ಫೇಲ್' ಎಂದು ಬರೆದು ನಾನೇ ಸಹಿ ಮಾಡಿದೆ. ಸ್ಟ್ಯಾಂಡಿನಲ್ಲಿ ಹಾರೂಗೇರಿ ಬಸ್ಸು ನಿಂತಿತ್ತು. ಹತ್ತಲಿಲ್ಲ. ಮೊದಲು ಆ ಹಾಳೆ ಹಿಡಿದುಕೊಂಡು ಅಧಿಕಾರಿಯ ಕಚೇರಿಗೆ ಹೋದೆ. ಎಲ್ಲ ಹೇಳಿ, ಬರೆದುಕೊಟ್ಟು, ಹಾರೂಗೇರಿ ಮುಟ್ಟುವಷ್ಟರಲ್ಲಿ ಚಿತೆ ಉರಿದು ಮುಗಿದಿತ್ತು.