ಪುಟ್ಟತ್ತೆಯನ್ನು ಬಿಟ್ಟ ಲೆಕ್ಕ

ಇವತ್ತು ಬೆಳಗ್ಗೆ ಸರ್ವೆಗೆಂದು ಬಂದ ಹುಡುಗಿ ಚೀಲದಿಂದ ಪೆನ್ನು ತೆಗೆಯುವಾಗ ಸೀಮೆಸುಣ್ಣದ ತುಂಡೊಂದು ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ. ಬೆರಳಿಗೆ ಅಂಟಿದ ಬಿಳಿ ಪುಡಿ ನೋಡುತ್ತಲೇ ಪುಟ್ಟತ್ತೆ ನೆನಪಾದಳು.

ಒಂದು ಕಾಲಕ್ಕೆ ನಾನೂ ಇದೇ ಕೆಲಸ ಮಾಡಿದವಳು ಕಣ್ರೀ. ತೊಂಬತ್ತರ ದಶಕದ ಕೊನೆ. ಮನಸ್ಸಿನ ಕಾಯಿಲೆಯವರನ್ನು ಮನೆಯವರ ನಡುವೆಯೇ ಇಟ್ಟು ನೋಡಿಕೊಳ್ಳುವುದು ಹೇಗೆಂದು ಸಂಶೋಧನೆ ನಡೆಸುತ್ತಿದ್ದ ಸಂಸ್ಥೆಯೊಂದಕ್ಕೆ ಶ್ರೀರಾಂಪುರದ ಹೊಸ ಬಡಾವಣೆಗಳಲ್ಲಿ ಮನೆಮನೆ ಸುತ್ತುವವರು ಬೇಕಾಗಿದ್ದರು. ಬಿ.ಎ. ಮುಗಿಸಿ ಕೂತಿದ್ದ ನಾನು ಸೇರಿಕೊಂಡೆ. ಒಂದು ಪ್ಯಾಡು, ಒಂದು ಕಟ್ಟು ಫಾರಂ, ಒಂದು ಸೀಮೆಸುಣ್ಣ. ಕೇಳಿ ಮುಗಿದ ಮೇಲೆ ಮನೆಯಲ್ಲಿ ಎಷ್ಟು ಜನ ಎಂದು ಬಾಗಿಲ ಚೌಕಟ್ಟಿನ ಮೇಲೆ ಬರೆಯಬೇಕು. "ಕಾಯಿಲೆ ವಿಷಯ ಮೊದಲೇ ಎತ್ತಬೇಡಿ. ಕುಡಿಯೋಕೆ ನೀರು ಕೇಳಿ, ನಿದ್ದೆ ಹೆಂಗೆ ಬರುತ್ತೆ ಅಂತ ಶುರು ಮಾಡಿ" ಎಂದಿದ್ದರು ನಮ್ಮ ಮೇಲ್ವಿಚಾರಕರು. ನೀರು ಕುಡಿದೂ ಕುಡಿದೂ ನನ್ನ ಹೊಟ್ಟೆ ತುಂಬಿತೇ ಹೊರತು ಫಾರಂ ತುಂಬಲಿಲ್ಲ. "ಅಂಥವ್ರು ನಮ್ಮನೇಲಿ ಯಾರೂ ಇಲ್ಲ ಕಣಮ್ಮ, ಪಕ್ಕದ್ಮನೇಲಿ ಕೇಳು" ಅನ್ನುವರು. ಪಕ್ಕದವರು ಅದರ ಪಕ್ಕಕ್ಕೆ ಕಳಿಸುವರು. ಹೀಗೆ ಬೀದಿ ಸುತ್ತಿ ಮೊದಲ ಮನೆಗೇ ಬಂದು ನಿಂತದ್ದೂ ಉಂಟು. ಸಂಜೆ ಮನೆಗೆ ಬಂದು, ಎಂಥ ಜನಾನಪ್ಪಾ, ಹೆತ್ತವರನ್ನೂ ಒಡಹುಟ್ಟಿದವರನ್ನೂ ಮುಚ್ಚಿಡ್ತಾರಲ್ಲ ಎಂದು ಭಾಷಣ ಬಿಗಿಯುತ್ತಿದ್ದೆ.

ಆ ಭಾಷಣ ಕೇಳಿಸಿಕೊಳ್ಳುತ್ತಿದ್ದವಳು ಪುಟ್ಟತ್ತೆ, ಅಪ್ಪನ ತಂಗಿ. ಮದುವೆಯಾದ ವರ್ಷವೇ ಕಾಯಿಲೆ ಕಾಣಿಸಿಕೊಂಡು ಗಂಡನ ಮನೆಯವರು ತಂದು ಬಿಟ್ಟುಹೋಗಿದ್ದರು. ಮಾತ್ರೆ ನುಂಗಿಕೊಂಡು, ಅವರೆಕಾಯಿ ಸುಲಿದುಕೊಂಡು ನಮ್ಮೊಡನೆಯೇ ಇದ್ದಳು. ನೆಂಟರು ಬಂದರೆ ಮಾತ್ರ ಹಿಂದಿನ ಕೋಣೆ. ಪ್ರಶ್ನೆ ಕೇಳುವುದನ್ನು ನಾನು ಅಭ್ಯಾಸ ಮಾಡಿದ್ದು ಅವಳ ಮುಂದೆಯೇ.

"ಯಾರೂ ಇಲ್ದಾಗ ಮಾತು ಕೇಳ್ಸುತ್ತಾ ಅತ್ತೆ?"

"ಕೇಳ್ಸುತ್ತೆ ಕಣೆ. ಆದ್ರೆ ನಿಮ್ಮಮ್ಮನ ಬೈಗುಳ ಅದಕ್ಕಿಂತ ಜೋರು."

ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಂಥದೊಂದು ಸಂಜೆ ಮತ್ತೆ ಸಿಗಲಿ ಎಂದು ಎಷ್ಟು ಸಲ ಹಂಬಲಿಸಿದ್ದೇನೋ.

ನಮ್ಮ ಬೀದಿಯ ಸರದಿ ಬಂತು. ನಮ್ಮ ಮನೆಯ ಫಾರಂ ತುಂಬಬೇಕಾದವಳೂ ನಾನೇ. ಪುಟ್ಟತ್ತೆ ವಿಭೂತಿ ಹಚ್ಚಿ, ಹಸಿರು ಸೀರೆ ಉಟ್ಟು, ಹಜಾರದ ಕುರ್ಚಿಯಲ್ಲಿ ಕೂತಿದ್ದಳು. "ಇವತ್ತು ನಿಜವಾದ್ದು ತಾನೆ? ಎಲ್ಲಾನೂ ಸರಿಯಾಗಿ ಹೇಳ್ತೀನಿ." ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ ಬೇಡವೆಂದು ತಲೆಯಾಡಿಸಿದಳು. ಮುಂದಿನ ವಾರ ಇಲವಾಲದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಜನ ನಾಲ್ಕು, ಕಾಯಿಲೆ ಇಲ್ಲ ಎಂದು ಬರೆದೆ. ಚೌಕಟ್ಟಿಗೂ ನಾಲ್ಕು ಎಂದು ಗೀಚಿ ಬಂದೆ.

"ನನ್ನ ಕೇಳ್ಲೇ ಇಲ್ವಲ್ಲೇ?"

"ನಿಂದು ಆವತ್ತೇ ಬರ್ಕೊಂಡ್ಬುಟ್ಟೆ ಅತ್ತೆ."

ಅವಳು ಎದ್ದು ಹೋಗಿ ಚೌಕಟ್ಟು ನೋಡಿ ಬಂದಳು. ಅಪ್ಪ, ಅಮ್ಮ, ನಾನು, ನನ್ನ ತಮ್ಮ ಎಂದು ನಮ್ಮನ್ನು ಎಣಿಸುತ್ತ ಒಂದೊಂದೇ ಬೆರಳು ಮಡಚಿದಳು. ಕಿರುಬೆರಳೊಂದು ಉಳಿಯಿತು. ಸೀರೆ ಬದಲಾಯಿಸಿ ಅವರೆಕಾಯಿ ಮುಂದೆ ಕೂತಳು. ಆಮೇಲೆ ನಾನು ಪ್ಯಾಡು ಹಿಡಿದು ಕರೆದಾಗಲೆಲ್ಲ "ತಲೆನೋವು ಕಣೆ" ಅನ್ನುವಳು.

ಇಲವಾಲದ ಸಂಬಂಧ ಕೂಡಿಬರಲಿಲ್ಲ. ಬೇರೆ ಕಡೆ ಮದುವೆಯಾಯಿತು. ಕೆಲವು ವರ್ಷ ಕಳೆದು ಪುಟ್ಟತ್ತೆ ಜ್ವರ ಬಂದು ಹೋಗಿಬಿಟ್ಟಳು. ಊರಿಗೆಲ್ಲ ಪ್ರಶ್ನೆ ಕೇಳಿದ ನನಗೆ, ತಪ್ಪಾಯ್ತು ಅತ್ತೆ ಅನ್ನಲು ಮಾತ್ರ ಬಾಯಿ ಬರಲಿಲ್ಲ.

ಬೆಳಗ್ಗೆಯ ಹುಡುಗಿ ಬಿಪಿ, ಶುಗರ್ ಎಲ್ಲ ಕೇಳಿ, ಆಮೇಲೆ ದನಿ ತಗ್ಗಿಸಿದಳು. "ಮನೆತನದಲ್ಲಿ ಯಾರ್ಗಾದ್ರೂ ಮನಸ್ಸಿನ ಕಾಯಿಲೆ ಇತ್ತಾ ಮೇಡಂ?" ಮದುವೆಯ ಮಾತು ನಡೆಯುತ್ತಿರುವ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು.

"ಇತ್ತು. ನಮ್ಮ ಸೋದರತ್ತೆಗೆ. ಪಾರ್ವತಮ್ಮ ಅಂತ."

"ಹೆಸರು ಬೇಡ ಮೇಡಂ, ಇತ್ತು ಅಂತ ಗುರುತು ಹಾಕಿದ್ರೆ ಸಾಕು."

"ಬರ್ಕೊಳಮ್ಮ, ನಿನಗೆ ಕೈ ಮುಗೀತೀನಿ."

ಅವಳು ನನ್ನ ಮುಖ ನೋಡಿ, ಫಾರಂನ ಅಂಚಿನಲ್ಲಿ ಪುಟ್ಟದಾಗಿ ಬರೆದಳು. ಹೋಗುವಾಗ ಚೌಕಟ್ಟಿನ ಮೇಲೆ ಮೂರು ಎಂದು ಹಾಕಿದಳು. ನಾನು, ನಮ್ಮ ಯಜಮಾನರು, ಮಗಳು ಎಂದು ಬೆರಳು ಮಡಚಿ ನೋಡಿದೆ. ಈ ಸಲ ಲೆಕ್ಕ ಸರಿಯಾಗಿತ್ತು. ಬಿಡುವುದಕ್ಕೆ ಮನೆಯಲ್ಲಿ ಪುಟ್ಟತ್ತೆಯೇ ಇರಲಿಲ್ಲ.