ಯಲ್ಲವ್ವ ಕಾಯುವ ಕಡೇ ಕುರ್ಚಿ

ಗಡಿಯೂರು ಸಂಖದ ಹಳೇ ಪೇಟೆ ಓಣಿಯಲ್ಲಿ ಇನ್ನೂ ಮಬ್ಬುಗತ್ತಲೆ. ಮೊದಲ ಎಸ್‌ಟಿ ಬಸ್ಸಿನ ಸದ್ದೂ ಎದ್ದಿಲ್ಲ. ಕಸಬರಿಗೆ ಬಗಲಲ್ಲಿ ಇಟ್ಟುಕೊಂಡು ಯಲ್ಲವ್ವ ಕರಿಕಲ್ಲಿನ ಕಟ್ಟಡದ ತೇಗದ ಬಾಗಿಲನ್ನು ಬಡಿಯುತ್ತಾರೆ. ಬಡಿದು ಸುಮ್ಮನೆ ನಿಲ್ಲುತ್ತಾರೆ. ಒಳಗೆ ಯಾರೂ ಇಲ್ಲ. ಬೀಗ ಹಾಕಿದವರೂ ಅವರೇ, ಕೀಲಿ ಇರುವುದೂ ಅವರ ಸೊಂಟದಲ್ಲೇ. ಆದರೂ ಒಳಗಿನವರು ಧೋತರ ಸರಿಮಾಡಿಕೊಂಡು ಕೂರಲಿ ಅನ್ನುವಷ್ಟು ಹೊತ್ತು ಕಾಯುತ್ತಾರೆ.

"ಒಳಗ ಯಾರೂ ಇಲ್ಲಂತ ಬಡಿಯೂದ ಬಿಡಾಕ ಬರ್ತೈತೇನ್ರಿ?" ಎನ್ನುತ್ತಾರೆ. "ಇದ್ರ?"

ಬಾಗಿಲು ತೆಗೆದ ಮೇಲೆ ಅವರ ಕಣ್ಣು ಕಸದ ಕಡೆ ಹೋಗುವುದಿಲ್ಲ. ನೆಟ್ಟಗೆ ಮೂಡಣ ಮೂಲೆಯ ಕುರ್ಚಿಯನ್ನು ನೋಡುತ್ತಾರೆ. ಅದು ಬಾಗಿಲ ಕಡೆ ಮುಖ ಮಾಡಿಕೊಂಡೇ ಇದ್ದರೆ "ಯಪ್ಪಾ, ಚಲೋ ಆತು" ಎಂದು ಉಸಿರು ಬಿಟ್ಟು ಸೆರಗು ಸಿಕ್ಕಿಸುತ್ತಾರೆ.

ಈ ಕಟ್ಟಡ ಎದ್ದದ್ದು ಸಂಸ್ಥಾನದ ಕಾಲಕ್ಕೆ. ಉಣ್ಣೆ ವ್ಯಾಪಾರಿಗಳು, ಒಬ್ಬ ವಕೀಲ, ಒಬ್ಬ ಸಾಲಿ ಮಾಸ್ತರ ಕೂಡಿ, ಎಲ್ಲೋ ದೊಡ್ಡ ಊರಲ್ಲಿ ಸಾಹೇಬರ ಗುಪ್ತ ಸಂಘ ನೋಡಿ ಬಂದು, ನಮ್ಮದೂ ಒಂದಿರಲಿ ಎಂದು 'ಬಂಧು ಮಂಡಳ' ಮಾಡಿಕೊಂಡರಂತೆ. ಒಳಗೆ ಕಾಲಿಟ್ಟ ಮೇಲೆ ಜಾತಿ ಇಲ್ಲ, ಅಡ್ಡಹೆಸರಿಲ್ಲ. ಎಲ್ಲರೂ ಅಣ್ಣ, ಎಲ್ಲರೂ ತಮ್ಮ. ಊರಲ್ಲಿ ಯಾರ ಮನೆಗೆ ಕಷ್ಟ ಬಂತೋ ಬೆಳಗಾಗುವುದರೊಳಗೆ ಅವರ ಕಟ್ಟೆಯ ಮೇಲೆ ಜೋಳದ ಚೀಲ ಇರುತ್ತಿತ್ತು, ಇಟ್ಟವರು ಯಾರೆಂದು ಮಾತ್ರ ತಿಳಿಯುತ್ತಿರಲಿಲ್ಲ. ಕಿಟಕಿಗಳನ್ನೋ ಆಳೆತ್ತರಕ್ಕಿಂತ ಮೇಲೆ ಇಟ್ಟಿದ್ದರು. ಕಾಣದಿದ್ದರೆ ಮಂದಿ ಸುಮ್ಮನಿರುತ್ತಾರೆಯೇ! ಒಳಗೆ ತಲೆಬುರುಡೆ ಇದೆ ಎಂದರು, ಸತ್ತವರನ್ನು ಎಬ್ಬಿಸಿ ಮಾತಾಡಿಸುತ್ತಾರೆ ಎಂದರು, ಜಾದೂಘರ ಎಂದು ಹೆಸರಿಟ್ಟರು. ಎದುರಿನ ಚಹಾದಂಗಡಿಯ ಕಲ್ಮೇಶ ಇವತ್ತಿಗೂ ಬಿಸಿಲು ಬೀಳುವ ತನಕ ಆ ಕಡೆಗೆ ಬೆನ್ನು ಹಾಕಿಯೇ ಒಲೆ ಹೊತ್ತಿಸುತ್ತಾರೆ.

ಬುರುಡೆ ಗಿರುಡೆ ಏನೂ ಇಲ್ಲ. ಇರುವುದು ಎರಡು ಸಾಲು ಕುರ್ಚಿ, ಮಂಡಳದ ಒಬ್ಬೊಬ್ಬರಿಗೆ ಒಂದೊಂದು. ತೀರಿಕೊಂಡವರ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಬೇಕು, ತಿರುಗಿದ್ದನ್ನು ಮತ್ತೆ ಈ ಕಡೆ ಮಾಡಬಾರದು. ತಿರುಗಿಸುವ ಹಕ್ಕು ಬಾಗಿಲು ಕಾಯುವವರದು, ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಕಡೇ ಕುರ್ಚಿ ತಿರುಗಿದ ದಿನ ಬಾಗಿಲಿಗೆ ಕಾಯಂ ಬೀಗ. ಹಿತ್ತಲ ಕೋಣೆಯಲ್ಲಿರುವ ಯಲ್ಲವ್ವ ಅಂದೇ ಗಂಟುಮೂಟೆ ಕಟ್ಟಬೇಕು. ಈಗ ಈ ಕಡೆ ಮುಖ ಮಾಡಿರುವುದು ಒಂದೇ ಕುರ್ಚಿ, ಮುಚ್ಚಂಡಿಯ ಶಿವಯೋಗೆಪ್ಪ ಸಾವಕಾರರದು. ತೊಂಬತ್ತು ದಾಟಿದ ಜೀವ.

ಬರೀ ಬೆನ್ನುಗಳೇ ತುಂಬಿದ ಆ ಸಭೆಯೊಳಗೆ ಯಲ್ಲವ್ವ ಕಸ ಹೊಡೆಯುವುದನ್ನು ನೋಡಿದರೆ ಮೈ ಜುಂ ಎನ್ನುತ್ತದೆ. "ಕಾಲ ತಗೀರಿ ಅಣ್ಣಾ", "ಜರಾ ಸರೀರಿ ಮಾಸ್ತರ" ಎನ್ನುತ್ತಲೇ ಕುರ್ಚಿಯ ಕೆಳಗೆ ಕಸಬರಿಗೆ ಆಡಿಸುತ್ತಾರೆ. ಆಮೇಲೆ ಬಟ್ಟೆಯಿಂದ ಒರೆಸುವಾಗ ಒಂದು ಮಾತು ಹೇಳುತ್ತಾರೆ: "ಕುರ್ಚಿ ಕೈ ಮ್ಯಾಲ ಧೂಳ ಇರ್ತೈತ್ರಿ, ಬೆನ್ನಿನ ಮ್ಯಾಲೂ ಇರ್ತೈತಿ. ಕುಂದ್ರೂ ಜಾಗಾದಾಗ ಮಾತ್ರ ಇರಂಗಿಲ್ಲ. ನಾ ಏನ ಹೇಳ್ಲಿ? ನೀವಽ ಕೈ ಹಚ್ಚಿ ನೋಡ್ರಿ." ಪತ್ರಿಕೆಯ ಪುರವಣಿಗೆ ಬರೆಯಲೆಂದು ಬಂದವರು ಯಾರೂ ಕೈ ಹಚ್ಚುವುದಿಲ್ಲ.

ಯಲ್ಲವ್ವ ಉಟಗಿಯ ಕುರಿ ಕಾಯುವ ಮನೆತನದವರು. ಗಂಡ ಅಮೋಗಸಿದ್ದ ಈ ಬಾಗಿಲು ಕಾಯುತ್ತಿದ್ದರು. ಜಾತಿ ಇಲ್ಲದ ಆ ಮನೆಯಲ್ಲೂ ಬಾಗಿಲು ಕಾಯುವವನಿಗೆ ಒಳಗೆ ಕುರ್ಚಿ ಇರಲಿಲ್ಲ, ಹೊರಗೊಂದು ಸ್ಟೂಲು ಅಷ್ಟೇ. ಅವರು ತೀರಿಕೊಂಡ ದಿನ, ಮಣ್ಣು ಮುಗಿಸಿ ಬಂದ ಯಲ್ಲವ್ವ ಸ್ಟೂಲು ತಿರುಗಿಸಲು ಹೋದರು.

"ಹೀಂಗ ತಿರುವಿದ್ನಿ, ಹಾಂಗ ತಿರುವಿದ್ನಿ. ಅದಕ್ಕ ಬೆನ್ನಽ ಇಲ್ಲ, ಮಾರಿ ಯಾ ಕಡೆ ಅಂತ ತಿಳೀಬೇಕ್ರಿ? ಅಣ್ಣಾರೆಲ್ಲಾ ನೆಲಾ ನೋಡ್ಕೋತ ನಿಂತ್ರು. ನಮ್ಮ ಮನಿಯವ್ರು ಸತ್ತಾರಂತ ಈ ಕಟ್ಟಡಕ್ಕ ಇನ್ನಾ ಗೊತ್ತಿಲ್ರಿ."

ಹೇಳುವಾಗ ಅವರ ಮೂಗಿನ ಹೊಳ್ಳೆ ಅರಳುತ್ತದೆ. ಎಷ್ಟು ವರ್ಷವಾದರೂ ಆರದ ಸಿಟ್ಟು ಅದು. ಆ ಸ್ಟೂಲಿನ ಮೇಲೆ ಅವರು ಒಂದು ದಿನವೂ ಕೂತಿಲ್ಲ, ಕಟ್ಟೆಯ ಮೇಲೆ ಕೂರುತ್ತಾರೆ. ಯಾಕೆಂದರೆ "ಮುಂಜಾನಿ ಕೈ ಇಟ್ರ ಬೆಚ್ಚಗಿರ್ತೈತ್ರಿ, ಈಗ ಎದ್ದ ಹೋದಂಗ" ಎನ್ನುತ್ತಾರೆ. ಗಂಡನ ನಂತರ ಈ ಕೆಲಸಕ್ಕೆ ಊರಿನ ಯಾವ ಗಂಡಸೂ ಒಪ್ಪಲಿಲ್ಲ, ಕೀಲಿ ಇವರ ಸೊಂಟಕ್ಕೆ ಬಂತು.

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಬಾಗಿಲು ತೆಗೆದರೆ, ಮೂಡಣ ಮೂಲೆಯ ಕುರ್ಚಿ ಗೋಡೆಯ ಕಡೆ ತಿರುಗಿತ್ತು.

"ಕೀಲಿ ನನ್ನ ಕಡೆ, ಕಿಟಕಿ ಅಷ್ಟ ಎತ್ತರ. ಯಾರ ಬಂದ್ರು, ಹ್ಯಾಂಗ ಬಂದ್ರು? ಅಂಜಿಕಿ ಬಂತು. ಅಂಜಿಕಿಕಿಂತ ಸಿಟ್ಟ ಭಾಳ ಬಂತು. ತಿರುವೂ ಕೆಲಸಾ ನಂದು. ನನ್ನ ಕೇಳದ ತಿರುವಾಕ ನೀವ ಯಾರು, ಬಾಗಿಲಾ ಬಡದ್ರೇನು, ಅಂತ ಬಾಯಿಗೆ ಬಂದಂಗ ಬೈದ್ನಿ. ಬೈಕೋತಽ ಕುರ್ಚಿ ಈ ಕಡೆ ಎಳದ್ನಿ."

ತಿರುಗಿದ ಕುರ್ಚಿಯನ್ನು ಮರಳಿ ತಿರುಗಿಸಿದ್ದು ಮಂಡಳದಲ್ಲಿ ಅದೇ ಮೊದಲು. ಕುರ್ಚಿ ಭಾರವಾಗಿತ್ತಂತೆ, ಆ ಕಡೆಯಿಂದ ಯಾರೋ ಜಗ್ಗಿದ ಹಾಗೆ. ಬಿಸಿಲೇರುವ ತನಕ ಅದರ ಕಾಲು ಹಿಡಿದುಕೊಂಡು ನೆಲದ ಮೇಲೇ ಕೂತರು. ಕಲ್ಮೇಶ ಫೋನು ಹಿಡಿದು ಓಡಿ ಬಂದದ್ದು ಆಗ. ಸಾವಕಾರರು ನಸುಕಿನಲ್ಲಿ ಬಿದ್ದಿದ್ದರು, ಜೀಪಿನಲ್ಲಿ ವಿಜಯಪುರಕ್ಕೆ ಒಯ್ಯುವಾಗ ಹೋದರೆಂದೇ ಮನೆಯವರು ಅತ್ತಿದ್ದರು, ದಾರಿಯಲ್ಲಿ ಉಸಿರು ಮರಳಿತ್ತು.

ಇವತ್ತು ಅಮಾವಾಸ್ಯೆ, ಮಂಡಳದ ಸಭೆಯ ದಿನ. ಶಿವಯೋಗೆಪ್ಪ ಸಾವಕಾರರು ಜೀಪಿನಿಂದ ಇಳಿದು, ಕೋಲೂರಿಕೊಂಡು ಬಂದು, ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಎದುರಿಗೆ ಗೆಳೆಯರ ಬೆನ್ನುಗಳು. ಆ ದಿನದ ಮಾತು ತೆಗೆದರೆ ಮೆಲ್ಲಗೆ ಹೇಳುತ್ತಾರೆ: "ಕಣ್ಣ ಮುಂದ ಬರೇ ಸುಣ್ಣದ ಗ್ವಾಡಿ ಕಾಣ್ತಿತ್ತು. ಭಾಳ ಸಮಾಧಾನ ಇತ್ತು. ಅಷ್ಟರಾಗ ಹಿಂದ ಒಬ್ಬ ಹೆಣ್ಮಗಳು ಬೈಯೂದ ಕೇಳಿಸ್ತು."

ಆಮೇಲೆ ಬಾಗಿಲಲ್ಲಿ ನಿಂತ ಯಲ್ಲವ್ವನ ಕಡೆ ತಿರುಗುತ್ತಾರೆ. "ಏನಾರ ಕೇಳವಾ. ನಾ ಇರೂತನಕಾ ಕೊಡ್ತೀನಿ."

ಯಲ್ಲವ್ವ ಸೆರಗಿನ ತುದಿ ಸುತ್ತುತ್ತ ನಿಲ್ಲುತ್ತಾರೆ. ಇಷ್ಟು ವರ್ಷ ಕಾದ ಮಾತು ಹೊರಗೆ ಬರುತ್ತದೆ.

"ಬೆನ್ನಿರೂವು ಎರಡ ಕುರ್ಚಿ ಕೊಡಸ್ರಿ ಸಾವಕಾರ್ರ, ಇಲ್ಲೆ ಒಳಗ ಇಡಾಕ."

"ಕುಂದ್ರಾಕೇನವಾ?"

"ಕುಂದ್ರಾಕಲ್ರಿ, ತಿರುವಾಕ. ಒಂದ ನಮ್ಮ ಮನಿಯವ್ರದು, ಬಂದ ದಿನಾನ ತಿರುವ್ತೀನಿ. ಇನ್ನೊಂದ ನಂದು."

ಸಾವಕಾರರ ಕಣ್ಣು ತುಂಬುತ್ತದೆ. "ಕೊಡಸ್ತೀನವಾ. ಆದ್ರ ನಿಂದ ಯಾರ ತಿರುವ್ತಾರ? ಅಷ್ಟೊತ್ತಿಗೆ ನಾ ಇರಂಗಿಲ್ಲ."

"ನಿಮ್ಮದ ತಿರುವಾಕ ಬಂದಿದ್ರಲ್ರಿ, ಅವ್ರಽ ತಿರುವ್ತಾರ," ಎನ್ನುತ್ತಾರೆ ಯಲ್ಲವ್ವ, ಗೋಡೆಯ ಕಡೆಯ ಬೆನ್ನುಗಳನ್ನು ನೋಡುತ್ತ. "ಈ ಸಲಾ ಬಾಗಿಲಾ ಬಡದ ಬರ್ರಿ ಅಂತ ಹೇಳಿಟ್ಟೀನಿ."